ಇದು ಯಾವ ಆಯ್ತು?

ಪರರ ತಪ್ಪು ಹುಡುಕುವುದಕ್ಕೆ ಸಂಬಳ ಕೊಡುತ್ತಾರೆ ಎಂದು ನನಗೆ ಗೊತ್ತಾದದ್ದು ನಲವತ್ತೆರಡನೇ ವಯಸ್ಸಿನಲ್ಲಿ. ಅಲ್ಲಿಯವರೆಗೆ ನಾನು ಅದನ್ನು ಪುಕ್ಕಟೆಯಾಗಿಯೇ ಮಾಡಿಕೊಂಡು ಬಂದಿದ್ದೆ. ನಮ್ಮ ಅತ್ತೆಯವರಂತೂ ಈ ವಿದ್ಯೆಯಲ್ಲಿ ನನ್ನ ಗುರುಗಳು. ಸಾರಿಗೆ ಉಪ್ಪು ಒಂದು ಹರಳು ಹೆಚ್ಚಾದರೆ ಮೊದಲ ತುತ್ತಿಗೆ ತಪ್ಪನ್ನೂ ಎರಡನೇ ತುತ್ತಿಗೆ ತಪ್ಪಿತಸ್ಥರ ತವರುಮನೆಯನ್ನೂ ಎತ್ತಿ ಹೇಳುತ್ತಿದ್ದರು. ಇಂಥ ಪ್ರತಿಭೆ ಅಡುಗೆಮನೆಯಲ್ಲೇ ಕಮರಿಹೋಯಿತಲ್ಲ ಎಂದು, ನಾನು ಕೆಲಸಕ್ಕೆ ಸೇರಿದ ದಿನ ನಿಜಕ್ಕೂ ಬೇಸರವಾಯಿತು.

ಮಂಜೇಶ್ವರದಲ್ಲಿ ರೈಲ್ವೆ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಒಂದು ಬೇಕರಿ. ಆ ಬೇಕರಿಯ ಮಹಡಿಯಲ್ಲಿ ನಮ್ಮ ಸಾಫ್ಟ್‌ವೇರ್ ಕಂಪೆನಿ. ಅದಕ್ಕೂ ಮೊದಲು ಅದೇ ಮಹಡಿಯಲ್ಲಿ ನನ್ನ ಟೈಪಿಂಗ್ ಕ್ಲಾಸು ಇತ್ತು. ಟೈಪ್‌ರೈಟರಿನ ಕಾಲ ಮುಗಿದು ನಾನು ಬಾಗಿಲು ಹಾಕುವ ಹೊತ್ತಿಗೆ, ದುಬೈಯಿಂದ ಊರಿಗೆ ಮರಳಿದ ಹಮೀದಾಕ ಆ ಜಾಗವನ್ನು ಹಿಡಿದರು. ಜಾಗದ ಜೊತೆಗೆ ನನ್ನನ್ನೂ ಹಿಡಿದರು. “ನಿಮಗೆ ಕಂಪ್ಯೂಟರ್ ಬರುದಿಲ್ಲ ಅಂತ ನನಗೆ ಗೊತ್ತುಂಟು ಟೀಚರೇ. ಆದರೆ ನನ್ನ ಐದು ಜನ ಪ್ರೋಗ್ರಾಮರುಗಳೂ ನಿಮ್ಮಲ್ಲೇ ಟೈಪಿಂಗ್ ಕಲಿತವರು. ಅವರಿಗೆ ನಿಮ್ಮ ಹೆದರಿಕೆ ಉಂಟು. ನನಗೆ ಅದು ಸಾಕು,” ಎಂದರು. ನನ್ನ ಹುದ್ದೆಗೆ ಟೆಸ್ಟರ್ ಎಂದು ಹೆಸರು. ಹುಡುಗರು ಮಾಡಿದ ಸಾಫ್ಟ್‌ವೇರನ್ನು ಒತ್ತಿ, ಎಳೆದು, ಕೆಣಕಿ, ಎಲ್ಲಿ ಮುರಿಯುತ್ತದೆ ಎಂದು ನೋಡಿ ವರದಿ ಕೊಡುವುದು. ಟೀಚರು ಟೆಸ್ಟರಾಗಲು ಅಕ್ಷರವೇನೂ ಹೆಚ್ಚು ಬದಲಾಗಬೇಕಾಗಲಿಲ್ಲ. ಕರೆಯುವವರು ಮಾತ್ರ ಈಗಲೂ ಟೀಚರ್ ಎಂದೇ ಕರೆಯುತ್ತಾರೆ.

ನಾವು ಮಾಡುತ್ತಿದ್ದದ್ದು ಮದುವೆ ಹಾಲ್‌ಗಳ ಬುಕಿಂಗ್ ಸಾಫ್ಟ್‌ವೇರ್. ಎಲ್ಲರ ಕೈಗೂ ಸ್ಮಾರ್ಟ್‌ಫೋನು ಬಂದಿರದ ಕಾಲ ಅದು; ಹಾಲ್ ಬೇಕಾದವರು ಹಾಲ್‌ನ ಆಫೀಸಿಗೇ ಹೋಗಿ ಕೇಳಬೇಕಿತ್ತು. ನಮ್ಮ ಕೆಲಸದ ಕ್ರಮ ಬಹಳ ಸರಳವಾಗಿತ್ತು. ಗಿರಾಕಿಗಳು ಹಮೀದಾಕನಿಗೆ ಫೋನ್ ಮಾಡಿ ಬೈಯುತ್ತಿದ್ದರು, ಹಮೀದಾಕ ಬಾಗಿಲಲ್ಲಿ ನಿಂತು ಅದೇ ಬೈಗಳನ್ನು ಸ್ವಲ್ಪ ಸೋಸಿ ಒಳಗೆ ದಾಟಿಸುತ್ತಿದ್ದರು, ಯಾರ ಕೈ ಖಾಲಿ ಇದೆಯೋ ಅವರು ಸರಿಮಾಡುತ್ತಿದ್ದರು. ಒಂದು ದಿನ ಮದುವೆಯ ರಶೀದಿಯಲ್ಲಿ ‘ಕಾರ್ಯಕ್ರಮ: ಉತ್ತರಕ್ರಿಯೆ’ ಎಂದು ಅಚ್ಚಾಗಿ, ಹೆಣ್ಣಿನ ತಂದೆ ಅದನ್ನು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಅಂದು ಬೈಗಳನ್ನು ಸೋಸಲು ಹಮೀದಾಕನಿಗೆ ಪುರುಸೊತ್ತು ಸಿಗಲಿಲ್ಲ. ಕಂಪೆನಿಯಲ್ಲಿ ಒಂದು ಪದ್ಧತಿ ಬೇಕು ಎಂದು ಅವರಿಗೆ ಅನಿಸಿದ್ದು ಅಂದೇ.

ಪದ್ಧತಿ ಬಂದದ್ದು ಕೊಲ್ಲಂ ಕಡೆಯಿಂದ, ಸಜಿತ್ ಸಾರ್ ಎಂಬವರ ರೂಪದಲ್ಲಿ. ದೊಡ್ಡ ಕಂಪೆನಿಗಳಲ್ಲಿ ಕೆಲಸ ಮಾಡಿದವರು. ಹೆಂಡತಿಗೆ ಕಾಸರಗೋಡಿಗೆ ವರ್ಗವಾಯಿತೆಂದು ಜೊತೆಗೆ ಬಂದವರು. ತೆಂಕಣ ಜಿಲ್ಲೆಯ ನೌಕರರಿಗೆ ಕಾಸರಗೋಡಿನ ವರ್ಗವೆಂದರೆ ಕಾಡುಪಾಲಾದ ಹಾಗೆ. ಇವರು ಮಾತ್ರ ಬಂದ ವಾರದಲ್ಲೇ ಪಕ್ಕದ ಮನೆಯ ಮಗುವಿನ ಒಂದನೇ ತರಗತಿಯ ಕನ್ನಡ ಪುಸ್ತಕ ಎರವಲು ಪಡೆದು ಓದತೊಡಗಿದರು. ಮಲಯಾಳದಲ್ಲಿ ಹೇಳಿದರೆ ನಮಗೇನು ಅರ್ಥವಾಗುತ್ತಿರಲಿಲ್ಲವೆಂದಲ್ಲ. ಆದರೆ ಕನ್ನಡದಲ್ಲೇ ಮಾತಾಡುವೆನೆಂಬ ಅವರ ಹಟ ನಮಗೆಲ್ಲ ಬಹಳ ಮೆಚ್ಚುಗೆಯಾಯಿತು. ಅವರ ಭಾಷೆಯಲ್ಲಿ ಬೆಳಗಾಗುತ್ತಿರಲಿಲ್ಲ, ‘ಬೆಳಗಾಯಿತು’. ಮಳೆ ‘ಬಂದಿತು’. ಮೊದಲ ದಿನ ನನ್ನನ್ನು ಕಂಡು, “ಶಿಕ್ಷಕಿಯು ಬಂದಳು,” ಎಂದರು. ಬಹುವಚನದ ಪಾಠ ಪುಸ್ತಕದಲ್ಲಿ ಇನ್ನೂ ಮುಂದಿತ್ತಂತೆ.

ಅವರು ತಂದ ಮೊದಲ ಸುಧಾರಣೆ, ದಿನಾ ಬೆಳಗ್ಗೆ ಹದಿನೈದು ನಿಮಿಷದ ನಿಂತ ಸಭೆ. ಕೂತರೆ ಮಾತು ಬೆಳೆಯುತ್ತದೆ, ನಿಂತರೆ ಕಾಲು ನೋಯುತ್ತದೆ, ಆದ್ದರಿಂದ ಬೇಗ ಮುಗಿಯುತ್ತದೆ ಎಂಬುದು ಅದರ ಹಿಂದಿನ ಶಾಸ್ತ್ರ. ಇದು ನಮ್ಮ ಊರಿನ ಬಸ್‌ ಸ್ಟ್ಯಾಂಡ್ ನೋಡದವರು ಬರೆದ ಶಾಸ್ತ್ರವಿರಬೇಕು. ಮಂಗಳೂರು ಬಸ್ಸಿಗೆಂದು ಬಂದು, ಗುರುತಿನವರು ಸಿಕ್ಕಿ, ಕೈಯಲ್ಲಿ ಚೀಲ ಹಿಡಿದುಕೊಂಡೇ ನಾಲ್ಕು ಬಸ್ಸು ಬಿಟ್ಟವರು ನಮ್ಮಲ್ಲಿ ಮನೆಗೊಬ್ಬರು ಸಿಗುತ್ತಾರೆ. ಮೊದಲ ಸಭೆ ಒಂಬತ್ತೂವರೆಗೆ ಶುರುವಾಗಿ ಹನ್ನೊಂದಕ್ಕೆ ಮುಗಿಯಿತು, ಅದೂ ಕೆಳಗಿನ ಬೇಕರಿಯವರು ಪಫ್ಸ್ ಬಿಸಿ ಇದೆಯೆಂದು ಕೂಗಿದ್ದಕ್ಕೆ.

ಎರಡನೆಯದು ಗೋಡೆಯ ಮೇಲೊಂದು ಬೋರ್ಡು. ಅದರಲ್ಲಿ ಮೂರು ಕಾಲಂ: ‘ಮಾಡಬೇಕು’, ‘ಮಾಡುತ್ತಿದ್ದೇವೆ’, ‘ಆಯ್ತು’. ಪ್ರತಿಯೊಂದು ಕೆಲಸಕ್ಕೂ ಒಂದು ಹಳದಿ ಚೀಟಿ. ಕೆಲಸ ಮುಂದುವರಿದ ಹಾಗೆ ಚೀಟಿ ಎಡದಿಂದ ಬಲಕ್ಕೆ ಹೋಗಬೇಕು. ಕಡಲ ಕಡೆಯ ಗಾಳಿಗೆ ಅಂಟು ನಿಲ್ಲದೆ ಚೀಟಿಗಳು ಮಧ್ಯಾಹ್ನದ ಹೊತ್ತಿಗೆ ನೆಲಕ್ಕಿಳಿಯುತ್ತಿದ್ದವು; ಗುಡಿಸುವವರು ಸಿಕ್ಕಿದ್ದನ್ನು ಅಂದಾಜಿನ ಮೇಲೆ ಯಾವುದಾದರೊಂದು ಕಾಲಂಗೆ ಹಚ್ಚಿಬಿಡುತ್ತಿದ್ದರು. ಆ ಒಂದು ಕಾರಣದಿಂದಲೇ ಮುಗಿದುಹೋದ ಕೆಲಸಗಳೂ ಕೆಲವಿದ್ದವು.

ಸಜಿತ್ ಸಾರ್ ಬೋರ್ಡಿನ ಪಕ್ಕದಲ್ಲಿ ನಿಂತು ಒಬ್ಬೊಬ್ಬರನ್ನೇ ಕೇಳುವರು: “ಪ್ರವೀಣನೇ, ಈ ಕೆಲಸವನ್ನು ಮಾಡುವೆಯಾ?” ಪ್ರವೀಣ ನಮ್ಮ ಮುಖ್ಯ ಪ್ರೋಗ್ರಾಮರು, ತುಳು ಮನೆಯವನು, ಎದುರು ಮಾತಾಡದ ಸ್ವಭಾವ. ಅವನು ತಲೆಯಾಡಿಸಿ, “ಆಯ್ತು ಸಾರ್,” ಎನ್ನುವನು. ಸಾರ್ ತಮ್ಮ ಪಾಠಪುಸ್ತಕದ ಭೂತಕಾಲವನ್ನು ನೆನೆದುಕೊಂಡು, ಬೆಳಗಾಯಿತು, ಮಳೆಯಾಯಿತು, ಕೆಲಸವೂ ಆಯಿತು ಎಂದು ತಿಳಿದು, ಚೀಟಿಯನ್ನು ಕಿತ್ತು ಮೂರನೇ ಕಾಲಂಗೆ ಅಂಟಿಸುವರು. ಹೀಗೆ ಶುರುವಾಗುವ ಮೊದಲೇ ಮುಗಿಯುವ ಕೆಲಸಗಳಿಂದ ನಮ್ಮ ಕಂಪೆನಿಯ ವೇಗ ಒಂದೇ ತಿಂಗಳಲ್ಲಿ ವಿಪರೀತ ಏರಿತು. ಹಮೀದಾಕ ಬೋರ್ಡಿನ ಬಲಗಡೆ ನೋಡಿ ನೋಡಿ ಖುಷಿಪಟ್ಟು, ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು.

ಇಲ್ಲಿ ನಾನು ಸ್ವಲ್ಪ ಪಾಂಡಿತ್ಯ ತೋರಿಸಬೇಕು, ಟೀಚರ್ ಅನಿಸಿಕೊಂಡ ಮೇಲೆ ತಪ್ಪಿಸಿಕೊಳ್ಳುವಂತಿಲ್ಲ. ತುಳುವಿನಲ್ಲಿ ‘ಆವು’ ಎಂದರೆ ಸರಿ, ಮಾಡುವ ಎಂದು. ‘ಆಂಡ್’ ಎಂದರೆ ಮುಗಿಯಿತು ಎಂದು. ಮಲಯಾಳದಲ್ಲಿ ಒಪ್ಪುವುದಕ್ಕೆ ‘ಶರಿ’, ಮುಗಿಯುವುದಕ್ಕೆ ‘ಕಳಿಞ್ಞು’. ಮನೆಮಾತಿನಲ್ಲೇ ಮಾತಾಡಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಎಲ್ಲರೂ ಅವರವರ ಭಾಷೆ ಕೆಳಗಿಟ್ಟು, ಇನ್ನೊಬ್ಬರ ಮರ್ಯಾದೆಗೆಂದು ಕನ್ನಡಕ್ಕೆ ಬಂದ ಕೂಡಲೇ ಎರಡೂ ಅರ್ಥ ಒಂದೇ ‘ಆಯ್ತು’ವಿನೊಳಗೆ ಹೋಗಿ ಕೂತವು. ಕನ್ನಡದಲ್ಲಿ ‘ಸರಿ’ ಎಂಬ ಮಾತಿಲ್ಲವೇ ಎಂದು ನೀವು ಕೇಳಬಹುದು. ಇದೆ. ಆದರೆ ಸರಿ ಎಂದರೆ ಒಪ್ಪಿಕೊಂಡಂತಾಗುತ್ತದೆ. ಆಯ್ತು ಎಂದರೆ ಒಪ್ಪಿದಂತೆಯೂ ಆಯಿತು, ಒಪ್ಪದಂತೆಯೂ ಆಯಿತು. ನಲ್ಲಿ ರಿಪೇರಿಯವರು “ಆಯ್ತಕ್ಕ, ನಾಳೆ ಬರ್ತೇನೆ,” ಎನ್ನುವುದನ್ನು ನಂಬಿ ಎರಡು ದಿನ ಕೊಡಪಾನ ಹೊತ್ತವಳು ನಾನು. ಗಂಡ ಪೇಪರಿನಿಂದ ತಲೆಯೆತ್ತದೆ “ಆಯ್ತು ಆಯ್ತು” ಎಂದು ಜೋಡಿಯಾಗಿ ಹೇಳಿದರೆ, ನಿನ್ನ ಮಾತು ನಿಲ್ಲಿಸು ಎಂದು ಅರ್ಥ. ಇಷ್ಟೆಲ್ಲ ಗೊತ್ತಿದ್ದೂ ನಾನು ಸಜಿತ್ ಸಾರಿಗೆ ಹೇಳಲಿಲ್ಲ. ನಾಳೆ ಹೇಳಿದರಾಯ್ತು ಎಂದುಕೊಂಡೆ.

ಆ ಮಳೆಗಾಲದಲ್ಲಿ ಒಂದು ದಿನ ಬೋರ್ಡಿಗೆ ಬಂದ ಚೀಟಿಯಲ್ಲಿ, ‘ಒಂದೇ ಹಾಲ್, ಒಂದೇ ದಿನ, ಎರಡು ಬುಕಿಂಗ್ ಬಂದರೆ ತಡೆಯಬೇಕು’ ಎಂದು ಬರೆದಿತ್ತು. ಮದುವೆ ಹಾಲ್‌ನ ಸಾಫ್ಟ್‌ವೇರ್ ಮಾಡಬೇಕಾದ ಕೆಲಸ ನಿಜವಾಗಿ ನೋಡಿದರೆ ಅದೊಂದೇ. “ಪ್ರವೀಣನೇ?” “ಆಯ್ತು ಸಾರ್.” “ಶಿಕ್ಷಕಿಯು ಪರೀಕ್ಷಿಸಿದಳೇ?” ಕೆಳಗಿನಿಂದ ತಂದಿಟ್ಟ ಚಹಾ ಆರುತ್ತಿತ್ತು. “ಆಯ್ತು ಆಯ್ತು,” ಎಂದೆ ನಾನು. ಚೀಟಿ ಬಲಗಡೆಗೆ ಹೋಯಿತು. ನಾನು ಚಹಾ ಕುಡಿಯಲು ಹೋದೆ.

ಮುಂದಿನ ಮೇ ತಿಂಗಳಿಗೆ ಪ್ರವೀಣನ ಮದುವೆ ನಿಶ್ಚಯವಾಯಿತು, ನೆಕ್ರಾಜೆಯ ಹುಡುಗಿ. ತಾನು ಮಾಡಿದ ಸಾಫ್ಟ್‌ವೇರಿನಲ್ಲಿ ತನ್ನ ಮದುವೆಯನ್ನು ತಾನೇ ಬುಕ್ ಮಾಡಬೇಕೆಂದು ಅವನಿಗೆ ಆಸೆ. ಊರ ಹೊರಗಿನ ಹಾಲ್‌ನ ಮ್ಯಾನೇಜರ್ ಐತಪ್ಪಣ್ಣ ಕುರ್ಚಿ ಬಿಟ್ಟುಕೊಟ್ಟರು. ಪ್ರವೀಣ ಹೆಸರು ಹಾಕಿದ, ದಿನ ಹಾಕಿದ, ಒತ್ತಿದ. ‘ಬುಕಿಂಗ್ ಆಯ್ತು. ಶುಭವಾಗಲಿ’ ಎಂದು ಕಂಪ್ಯೂಟರ್ ಹಾರೈಸಿತು. ಆ ವಾಕ್ಯದ ಕಾಗುಣಿತ ತಿದ್ದಿಕೊಟ್ಟವಳು ನಾನು.

ಮದುವೆಗೆ ಎರಡು ವಾರ ಇರುವಾಗ ಪ್ರವೀಣನ ಸೋದರಮಾವ ಚಪ್ಪರದ ಅಳತೆ ತೆಗೆಯಲು ಹಾಲ್‌ಗೆ ಹೋದರು. ಅಲ್ಲಿ ಇನ್ನೊಬ್ಬರು ಆಗಲೇ ಹಗ್ಗ ಹಿಡಿದು ಅಳೆಯುತ್ತಿದ್ದರು. ಬಾಯಾರು ಊರಿನ ಮೊಯ್ದೀನಾಕ. ಅವರ ಮಗಳ ಮದುವೆಯ ಔತಣ, ಅದೇ ಹಾಲ್, ಅದೇ ಭಾನುವಾರ. ಅವರು ನಮ್ಮವರಿಗಿಂತ ಒಂದು ತಿಂಗಳು ಮೊದಲೇ ಬುಕ್ ಮಾಡಿದವರು. ಕಂಪ್ಯೂಟರ್ ಅವರಿಗೂ ಅಷ್ಟೇ ಪ್ರೀತಿಯಿಂದ ಶುಭ ಹಾರೈಸಿತ್ತು. ಎರಡೂ ಕಡೆಯ ಮದುವೆ ಕಾಗದ ಹಂಚಿ ಮುಗಿದಿತ್ತು. ಮೇ ತಿಂಗಳು, ತಲಪಾಡಿಯಿಂದ ಕಾಸರಗೋಡಿನವರೆಗೆ ಒಂದು ಹಾಲ್ ಕೂಡ ಖಾಲಿ ಇರಲಿಲ್ಲ. ಹೆಣ್ಣಿನ ಕಡೆಯವರು, ಮದುವೆಗೆ ಜಾಗ ಗೊತ್ತುಮಾಡಲು ಬಾರದವನಿಗೆ ಮಗಳನ್ನು ಹೇಗೆ ಕೊಡುವುದು ಎಂದು ಆಗಲೇ ಶುರುಮಾಡಿದ್ದರು.

ಮರುದಿನದ ಸಭೆ ಸಾವಿನ ಮನೆಯ ಹಾಗಿತ್ತು. ತಪ್ಪಿನ ಬೇರು ಸಿಗಬೇಕಾದರೆ ‘ಯಾಕೆ’ ಎಂದು ಐದು ಸಲ ಕೇಳಬೇಕು ಎಂಬ ಒಂದು ವಿಧಾನವಿದೆಯೆಂದು ಸಜಿತ್ ಸಾರ್ ಹೇಳಿ, ಕೇಳತೊಡಗಿದರು. ಎರಡನೇ ಯಾಕೆಗೇ ಪ್ರವೀಣ, “ತಪ್ಪು ನನ್ನದೇ ಸಾರ್. ಬೇರೆ ಯಾರದ್ದೂ ಅಲ್ಲ. ನಾನು ಅದನ್ನು ಬರೆದೇ ಇಲ್ಲ. ಮರುದಿನ ಬರೆಯುವ ಅಂತ ಇದ್ದೆ. ಚೀಟಿ ಆಯ್ತು ಕಾಲಂನಲ್ಲಿ ಕಂಡು ಕಂಡು ನನಗೂ ಅದು ಆಗಿದೆ ಅಂತಲೇ ನಂಬಿಕೆ ಬಂತು,” ಎಂದ. ಮೂರನೇ ಯಾಕೆ ಕೇಳಲು ಸಾರಿಗೆ ಬಾಯಿ ಬರಲಿಲ್ಲ. ಕೇಳಿದ್ದರೆ ಅದು ನೇರ ನನ್ನ ಕಡೆಗೇ ಬರುತ್ತಿತ್ತು. ಬರೆಯದಿದ್ದದ್ದನ್ನು ಟೀಚರ್ ಯಾಕೆ ಕಂಡುಹಿಡಿಯಲಿಲ್ಲ? ಇಪ್ಪತ್ತು ವರ್ಷ ಇತರರ ಬೆರಳು ತಪ್ಪು ಅಕ್ಷರಕ್ಕೆ ಹೋದರೆ ಸ್ಕೇಲಿನಲ್ಲಿ ಬಡಿದವಳು ನಾನು, ಆಗ ಕಿಟಕಿಯಾಚೆಯ ತೆಂಗಿನ ಮರ ನೋಡುತ್ತ ನಿಂತೆ. ನಾಚಿಕೆಯಾಗಿತ್ತು. ನಾಚಿಕೆಗಿಂತ ಹೆದರಿಕೆ ಒಂದು ತೂಕ ಹೆಚ್ಚಿತ್ತು.

ಕೊನೆಗೆ ಮೊಯ್ದೀನಾಕನ ಕಾಲು ಹಿಡಿಯುವುದೆಂದು ತೀರ್ಮಾನವಾಯಿತು. ಹಮೀದಾಕನ ಓಮ್ನಿಯಲ್ಲಿ ಅವರು, ಸಜಿತ್ ಸಾರ್, ಪ್ರವೀಣ, ನಾನು ಬಾಯಾರಿಗೆ ಹೊರಟೆವು. ಆ ಮನೆಯ ಜಗಲಿಯಲ್ಲಿ ಶರಬತ್ತು ಕೊಟ್ಟು ಕೂರಿಸಿದರು. ಮೊಯ್ದೀನಾಕ ಎತ್ತರದ, ಮಿತಭಾಷಿ ಮನುಷ್ಯ. ಹಮೀದಾಕ ಅರ್ಧ ಗಂಟೆ ಮಾತಾಡಿದರು. ಸಜಿತ್ ಸಾರ್, “ಅಯ್ಯಾ, ಇದು ನಮ್ಮ ತಪ್ಪಾಗಿದೆ. ನೀವು ಹಾಲ್ ಅನ್ನು ಬಿಟ್ಟುಕೊಡುವಿರಾ?” ಎಂದು ಕೈಮುಗಿದರು. ಪ್ರವೀಣ ನೆಲ ನೋಡುತ್ತಿದ್ದ. ಮೊಯ್ದೀನಾಕ ಗಡ್ಡ ನೀವಿಕೊಂಡು, ಎದ್ದು ನಿಂತು, “ಆಯ್ತು,” ಎಂದರು.

ಹಮೀದಾಕ ‘ಯಾ ಅಲ್ಲಾಹ್’ ಎಂದು ಎದೆ ಮುಟ್ಟಿಕೊಂಡರು. ಸಜಿತ್ ಸಾರ್ ಜೇಬಿನಿಂದ ಹಳದಿ ಚೀಟಿ ತೆಗೆದರು. ನನಗೆ ಎಲ್ಲಿಂದ ಧೈರ್ಯ ಬಂತೋ, “ಮೊಯ್ದೀನಾಕ, ಬೇಜಾರು ಮಾಡಬೇಡಿ. ಇದು ಯಾವ ಆಯ್ತು?” ಎಂದು ಕೇಳಿಬಿಟ್ಟೆ.

“ನಿಮ್ಮಲ್ಲಿ ಎಷ್ಟು ಉಂಟು ಟೀಚರೇ?”

“ಮುಗಿಯಿತು ಅಂತ ಒಂದು ಉಂಟು. ಮಾಡುವ ಅಂತ ಒಂದು. ಹೇಳುದು ಮಾತ್ರ, ಮಾಡುದಿಲ್ಲ ಅಂತ ಒಂದು. ಇನ್ನೊಂದು, ಸಾಕು, ಹೊರಡಿ ಅಂತ.”

ಅವರು ಬೆರಳು ಮಡಚಿ ಎಣಿಸಿದರು. “ನಾನು ಹೇಳಿದ್ದು ಕಡೆಯದ್ದು,” ಎಂದರು.

ನನ್ನ ಜೀವಮಾನದಲ್ಲಿ ನಾನು ಸರಿಯಾಗಿ ಮಾಡಿದ ಟೆಸ್ಟಿಂಗ್ ಎಂದರೆ ಅದೊಂದೇ ಇರಬೇಕು. ಸಜಿತ್ ಸಾರ್ ಕೈಯಲ್ಲಿದ್ದ ಚೀಟಿಯನ್ನು ನೋಡಿ, ನನ್ನನ್ನು ನೋಡಿ, ಮತ್ತೆ ಚೀಟಿಯನ್ನು ನೋಡಿದರು. ಹತ್ತು ತಿಂಗಳಿನಿಂದ ತಾವು ಅಂಟಿಸಿದ ಚೀಟಿಗಳೆಲ್ಲ ಅವರ ಕಣ್ಣ ಮುಂದೆ ಒಂದೊಂದಾಗಿ ಉದುರುತ್ತಿದ್ದವೆಂದು ಕಾಣುತ್ತದೆ. ಬಣ್ಣಗೆಟ್ಟು ಹೋದರು ಪಾಪ.

ನಾವು ಚಪ್ಪಲಿ ಹುಡುಕುತ್ತಿರುವಾಗ ಬಾಗಿಲ ಮರೆಯಿಂದ ಮೊಯ್ದೀನಾಕನ ತಾಯಿಯ ದನಿ ಕೇಳಿತು. “ಅಲ್ಲ ಮೋನೇ, ಅವರದ್ದು ಮಧ್ಯಾಹ್ನದ ಊಟ ಅಲ್ವಾ? ನಮ್ಮ ಜನ ಬರುದು ಸಂಜೆ ಮಗ್ರಿಬ್ ನಮಾಜು ಕಳೆದ ಮೇಲೆ. ಅಲ್ಲಿಯವರೆಗೆ ಹಾಲ್‌ನಲ್ಲಿ ನೀನು ಎಂತ ಮಾಡ್ತಿ, ಸೊಳ್ಳೆ ಹೊಡೀತಿಯಾ?”

ನಾಲ್ಕೈದು ದಿನಗಳಿಂದ ಎರಡು ಕುಟುಂಬ, ಒಂದು ಕಂಪೆನಿ, ಒಬ್ಬ ಮ್ಯಾನೇಜರ್ ಸೇರಿ ತಲೆ ಕೆಡಿಸಿಕೊಂಡಿದ್ದರೂ ಗಂಟೆ ಎಷ್ಟಕ್ಕೆ ಎಂದು ಯಾರೂ ಕೇಳಿರಲಿಲ್ಲ. ನಮ್ಮ ಸಾಫ್ಟ್‌ವೇರಿನಲ್ಲಿ ಗಂಟೆ ಹಾಕುವ ಜಾಗವೇ ಇರಲಿಲ್ಲವಲ್ಲ, ದಿನ ಮಾತ್ರ ಇತ್ತು. ಮೊಯ್ದೀನಾಕ ತಾಯಿಯ ಕಡೆಗೊಮ್ಮೆ ನೋಡಿ, ಬೆರಳೆತ್ತಿ ಹೇಳಿದರು: “ಮೂರು ಗಂಟೆಗೆ ಹಾಲ್ ಖಾಲಿ ಆಗಬೇಕು. ಒಂದು ಎಲೆಯ ಚೂರು ನನಗೆ ಕಾಣಬಾರದು. ನಮ್ಮ ಬಿರಿಯಾನಿಯ ಒಲೆ ಹಿತ್ತಿಲಲ್ಲಿ ಮಧ್ಯಾಹ್ನವೇ ಹತ್ತುತ್ತದೆ. ಅದಕ್ಕೆ ಯಾರೂ ಮಾತಾಡಬಾರದು.”

“ಆಯ್ತು,” ಎಂದರು ಹಮೀದಾಕ.

“ಯಾವ ಆಯ್ತು?” ಎಂದು ಕೇಳಿದರು ಮೊಯ್ದೀನಾಕ.

ಮರುದಿನವೇ ಸಜಿತ್ ಸಾರ್ ಬೋರ್ಡಿನಲ್ಲಿ ಮೂರನೇ ಕಾಲಂ ಅಳಿಸಿ ಎರಡು ಮಾಡಿದರು. ಒಂದಕ್ಕೆ ‘ಹೇಳಿದ ಆಯ್ತು’ ಎಂದೂ ಇನ್ನೊಂದಕ್ಕೆ ‘ಕಂಡ ಆಯ್ತು’ ಎಂದೂ ಹೆಸರಿಟ್ಟರು. ಕಣ್ಣಾರೆ ನೋಡಿದವರು ಚೀಟಿಯಲ್ಲಿ ಸಹಿ ಹಾಕಿದ ಮೇಲೆಯೇ ಅದು ಕೊನೆಯ ಕಾಲಂಗೆ ಹೋಗಬೇಕು. ಅನೇಕ ಕೆಲಸಗಳು ಅಂದೇ ಬಲದಿಂದ ಎಡಕ್ಕೆ ಮೆರವಣಿಗೆ ಹೊರಟವು. ಕಂಪೆನಿಯ ವೇಗ ಒಂದೇ ದಿನದಲ್ಲಿ ಪಾತಾಳಕ್ಕಿಳಿಯಿತು. ಗಿರಾಕಿಗಳ ಬೈಗಳ ಫೋನು ಮಾತ್ರ ವಾರವಾರಕ್ಕೂ ಕಡಿಮೆಯಾಗುತ್ತ ಬಂತು. ದೊಡ್ಡ ದೊಡ್ಡ ಕಂಪೆನಿಗಳಲ್ಲಿ ಇದಕ್ಕೆ ಭಾರಿ ಹೆಸರುಗಳಿವೆಯಂತೆ, ನಮಗೆ ಇಷ್ಟು ಸಾಕಾಯಿತು.

ಮದುವೆಯ ದಿನ ಇಡೀ ಕಂಪೆನಿ ಸೊಂಟ ಕಟ್ಟಿ ನಿಂತಿತು. ಹನ್ನೊಂದೂ ಮುಕ್ಕಾಲಕ್ಕೆ ಮುಹೂರ್ತ. ನಮ್ಮ ಕಡೆ ಮುಹೂರ್ತ ಹೇಗೂ ತಪ್ಪುವುದಿಲ್ಲ, ಅದರ ನಂತರದ್ದೆಲ್ಲ ತಪ್ಪುತ್ತದೆ. ಮೂರೇ ಪಂಕ್ತಿ ಎಂದು ಸಜಿತ್ ಸಾರ್ ಯೋಜನೆ ಹಾಕಿ, ಗೋಡೆಗೆ ಚೀಟಿ ಹಚ್ಚಿ, ಪಾಯಸ ಬಡಿಸುವವರ ಹಿಂದೆ ವಾಚು ಹಿಡಿದು ಓಡಾಡುತ್ತಿದ್ದರು. “ಅಜ್ಜನು ಮಜ್ಜಿಗೆಯನ್ನು ಕುಡಿದನೇ?” ಎಂದು ಅವರು ಕೇಳುವುದೂ, ಗಾಬರಿಯಾದ ಅಜ್ಜ ಗಟಗಟನೆ ಕುಡಿಯುವುದೂ ನಡೆದಿತ್ತು. ಹಿತ್ತಿಲಿನಿಂದ ಬಿರಿಯಾನಿಯ ಪರಿಮಳ ಬರತೊಡಗಿದಾಗ, ಎಲೆಯ ಮುಂದೆ ಹೋಳಿಗೆ ಮುರಿಯುತ್ತಿದ್ದ ಪ್ರವೀಣನ ಸೋದರಮಾವ ತಲೆಯೆತ್ತಿ, ಸಂಜೆಯವರೆಗೆ ಇದ್ದರೆ ಯಾರಾದರೂ ಬೇಡ ಹೇಳುತ್ತಾರೋ ಎಂದು ಐತಪ್ಪಣ್ಣನಲ್ಲಿ ಮೆಲ್ಲಗೆ ವಿಚಾರಿಸಿದರು.

ಎರಡೂ ಮುಕ್ಕಾಲಕ್ಕೆ ಹಾಲ್ ಬಹುಮಟ್ಟಿಗೆ ಖಾಲಿ. ಹಮೀದಾಕ ಲುಂಗಿ ಎತ್ತಿ ಕಟ್ಟಿ ಎಂಜಲೆಲೆ ಎತ್ತುತ್ತಿದ್ದರು. ನಮ್ಮ ಕಂಪೆನಿಯ ಇತಿಹಾಸದಲ್ಲಿ ಹೇಳಿದ ಹೊತ್ತಿಗೆ ಮುಗಿದ ಮೊದಲ ಕೆಲಸ ಅದು. ವೇದಿಕೆಯ ಮೇಲೆ ಮದುಮಕ್ಕಳಿಬ್ಬರೇ ಉಳಿದಿದ್ದರು, ಫೋಟೋದವರು ಬೇಗ ಬನ್ನಿ ಬನ್ನಿ ಎಂದು ಕರೆಯುತ್ತಿದ್ದರು. ಹಾಲ್ ಗುಡಿಸುತ್ತಿದ್ದ ಹಿಡಿಸೂಡಿ ಸಮೇತ ನಾನು ಮೆಟ್ಟಿಲು ಹತ್ತಿದೆ. ಈಗ ಹೇಳದಿದ್ದರೆ ಇನ್ನು ಹೇಳಲಾರೆ ಎಂದು ನನಗೆ ಗೊತ್ತಿತ್ತು.

“ಪ್ರವೀಣ, ತಪ್ಪು ನಿನ್ನೊಬ್ಬನದ್ದಲ್ಲ. ಆವತ್ತು ನಾನು ಟೆಸ್ಟ್ ಮಾಡಿರಲಿಲ್ಲ. ಸುಮ್ಮನೆ ಆಯ್ತು ಹೇಳಿದ್ದು,” ಎಂದೆ. ಆ ಸಭೆಯಲ್ಲಿ ಎಲ್ಲರ ಮುಂದೆ ಹೇಳದೆ ಅವನನ್ನೊಬ್ಬನನ್ನೇ ನಿಲ್ಲಿಸಿಬಿಟ್ಟೆನಲ್ಲ ಎಂದೂ ಹೇಳಬೇಕಿತ್ತು, ಆಗಲಿಲ್ಲ.

“ಗೊತ್ತುಂಟು ಟೀಚರೇ,” ಎಂದ ಪ್ರವೀಣ.

“ಎಂತ ಗೊತ್ತುಂಟು?”

“ಆ ದಿನ ಮಳೆಗೆ ಬೆಳಗ್ಗಿನಿಂದ ಕರೆಂಟೇ ಇರಲಿಲ್ಲವಲ್ಲ. ಒಬ್ಬರದ್ದೂ ಕಂಪ್ಯೂಟರ್ ಆನ್ ಆಗಿರಲಿಲ್ಲ. ಆದರೂ ಎಲ್ಲರೂ ಆಯ್ತು, ಆಯ್ತು ಅಂತ ಹೇಳಿದ್ದು. ಆಫೀಸಿಡೀ ಕತ್ತಲೆ, ಸಜಿತ್ ಸಾರಿಗೆ ಬೋರ್ಡು ಕಾಣುತ್ತಿರಲಿಲ್ಲ.” ಅವನು ಹೆಂಡತಿಯ ಕಡೆ ತಿರುಗಿ, ನನ್ನನ್ನು ತೋರಿಸಿ ಹೇಳಿದ, “ಟೀಚರೇ ಕುರ್ಚಿ ಹತ್ತಿ ಟಾರ್ಚ್ ಹಿಡಿದು ನಿಂತದ್ದು.”

ಆ ಹುಡುಗಿ ಬಾಯಿಗೆ ಸೆರಗು ಹಿಡಿದುಕೊಂಡು ನಗತೊಡಗಿದಳು. ನನಗೂ ಆಗ ನೆನಪಾಯಿತು. ಹೌದು, ನಾನೇ. ಮೂರನೇ ಕಾಲಂ ಸರಿಯಾಗಿ ಕಾಣಲಿ ಎಂದು ಕೈ ಚಾಚಿ ಹಿಡಿದಿದ್ದೆ, ಸ್ವಲ್ಪ ಬಲಕ್ಕೆ ಎಂದು ಸಾರ್ ಹೇಳಿದಾಗ ಬಲಕ್ಕೂ ತಿರುಗಿಸಿದ್ದೆ. ಹತ್ತು ತಿಂಗಳು ನಾನು ಜೋಪಾನವಾಗಿ ಬಚ್ಚಿಟ್ಟುಕೊಂಡ ಗುಟ್ಟು, ಆ ದಿನ ಅಲ್ಲಿ ನಿಂತಿದ್ದವರಿಗೆಲ್ಲ ಗೊತ್ತಿತ್ತು. ನನ್ನ ಮುಖ ನೋಡಿ ಯಾರೂ ಹೇಳಿರಲಿಲ್ಲ ಅಷ್ಟೆ. ಪರರ ತಪ್ಪು ಹುಡುಕಲು ಟಾರ್ಚು ಬೇಕಾಗುತ್ತದೆ. ನಮ್ಮದು ಕತ್ತಲೆಯಲ್ಲೂ ಎಲ್ಲರಿಗೂ ಕಾಣುತ್ತದೆ, ಟಾರ್ಚು ಹಿಡಿದವರೊಬ್ಬರನ್ನು ಬಿಟ್ಟು.